ವಯಸ್ಸಾದವರ ಶುಗರ್, ದಣಿದ ಕಿಡ್ನಿ: ಯಾವ ದಾರಿ ಯಾರಿಗೆ?

ಇಬ್ಬರು ಹಿರಿಯರು ಇದ್ದಾರೆ ಅಂದುಕೊಳ್ಳಿ. ಒಬ್ಬರಿಗೆ 70 ವರ್ಷ. ದಿನಾ ವಾಕಿಂಗ್ ಹೋಗುತ್ತಾರೆ, ತಮ್ಮ ಮಾತ್ರೆ ತಾವೇ ನೋಡಿ ತೆಗೆದುಕೊಳ್ಳುತ್ತಾರೆ. ಇನ್ನೊಬ್ಬರಿಗೆ 84. ಎದ್ದು ನಿಲ್ಲಲು ಯಾರಾದರೂ ಕೈ ಹಿಡಿಯಬೇಕು, ಊಟ ಅರ್ಧಕ್ಕೇ ಬಿಡುತ್ತಾರೆ, ಹೋದ ವರ್ಷ ಎರಡು ಸಲ ಬಿದ್ದಿದ್ದಾರೆ. ಇಬ್ಬರಿಗೂ ಬಹಳ ವರ್ಷಗಳಿಂದ ಶುಗರ್ ಇದೆ. ಇಬ್ಬರ ರಿಪೋರ್ಟಿನಲ್ಲೂ ಇಜಿಎಫ್‌ಆರ್, ಅಂದರೆ ಕಿಡ್ನಿ ಸೋಸುವ ಶಕ್ತಿಯ ಅಂದಾಜು, 38. ಕಾಗದದ ಮೇಲೆ ಕಾಯಿಲೆ ಒಂದೇ. ಆದರೆ ಇಬ್ಬರಿಗೂ ಒಂದೇ ಔಷಧಿ, ಒಂದೇ ಗುರಿ ಇಟ್ಟರೆ ಒಬ್ಬರಿಗಂತೂ ಅನ್ಯಾಯ ಆಗುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ವಯಸ್ಸಾದವರಲ್ಲಿ ಕಿಡ್ನಿ ನಂಬರ್ ಒಂದನ್ನೇ ಉಳಿಸಲು ಹೊರಟರೆ ಮನುಷ್ಯರನ್ನು ಸೋಲಿಸಿಬಿಡಬಹುದು. ಪ್ರತಿ ಆಯ್ಕೆಯಲ್ಲೂ ಎರಡು ಪ್ರಶ್ನೆ ಕೇಳಬೇಕು. ಈ ಕಿಡ್ನಿ ಎಷ್ಟು ಬೇಗ ಕೆಡುತ್ತಿದೆ? ಈ ಚಿಕಿತ್ಸೆಯನ್ನು ಈ ದೇಹ ತಡೆದುಕೊಳ್ಳುತ್ತದಾ? ಡಾಕ್ಟರ ಮುಂದೆ ಕೂತಾಗ ಏನು ಕೇಳಬೇಕು ಅಂತ ಗೊತ್ತಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಓದಿಕೊಂಡು ನೀವೇ ಮಾತ್ರೆ ಬದಲಿಸಬೇಡಿ.

ಮೊದಲು ರಿಪೋರ್ಟ್ ಸರಿಯಾಗಿ ಓದಿ

ಎರಡು ಪರೀಕ್ಷೆ ಬೇಕೇ ಬೇಕು. ಒಂದು ರಕ್ತದ ಇಜಿಎಫ್‌ಆರ್. ಇದು ಕಿಡ್ನಿ ನಿಮಿಷಕ್ಕೆ ಎಷ್ಟು ಸೋಸುತ್ತದೆ ಎಂಬ ಅಂದಾಜು. ಇನ್ನೊಂದು ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಮತ್ತು ಕ್ರಿಯಾಟಿನಿನ್ ಎಂಬ ತ್ಯಾಜ್ಯದ ಅನುಪಾತ. ಇದು ಕಿಡ್ನಿಯ ಜರಡಿ ಎಷ್ಟು ಸೋರುತ್ತಿದೆ ಎಂದು ತೋರಿಸುತ್ತದೆ. ಹೆಚ್ಚಿನವರು ಮೊದಲನೆಯದನ್ನು ಮಾಡಿಸಿ ಎರಡನೆಯದನ್ನು ಬಿಟ್ಟುಬಿಡುತ್ತಾರೆ. ಮುಂದೇನಾಗಬಹುದು ಎಂಬುದನ್ನು ಜಾಸ್ತಿ ಹೇಳುವುದು ಆ ಎರಡನೆಯದೇ ಅಲ್ವಾ! ಗ್ರಾಂಗೆ 30 ಮಿಲಿಗ್ರಾಂ ಒಳಗಿದ್ದರೆ ಸಮಾಧಾನ. 300 ದಾಟಿದ್ದರೆ ಜೋರಾಗಿ ಸೋರುತ್ತಿದೆ ಎಂದರ್ಥ.

ಇಜಿಎಫ್‌ಆರ್ 60ಕ್ಕಿಂತ ಕೆಳಗೆ 3 ತಿಂಗಳಿಗೂ ಮೀರಿ ನಿಂತರೆ ಅದನ್ನು ದೀರ್ಘಕಾಲದ ಕಿಡ್ನಿ ಕಾಯಿಲೆ ಎನ್ನುತ್ತಾರೆ. 30ರಿಂದ 59 ಮೂರನೇ ಹಂತ, 15ರಿಂದ 29 ನಾಲ್ಕನೇ ಹಂತ, 15ರ ಕೆಳಗೆ ಐದನೇ ಹಂತ. ವಯಸ್ಸಾದಂತೆ ಎಲ್ಲರದ್ದೂ ಸ್ವಲ್ಪ ಇಳಿಯುತ್ತದೆ. 84ರ ಹಿರಿಯರ 38 ನಾಲ್ಕು ವರ್ಷದಿಂದ ಅಲ್ಲೇ ನಿಂತಿದ್ದು, ಮೂತ್ರದಲ್ಲಿ ಆಲ್ಬುಮಿನ್ ಕಡಿಮೆ ಇದ್ದರೆ ಅವರು ಡಯಾಲಿಸಿಸ್ ತನಕ ಹೋಗುವ ಸಾಧ್ಯತೆ ತೀರಾ ಕಡಿಮೆ. 70ರವರ 38 ಹೋದ ವರ್ಷ 50 ಇದ್ದು, ಆಲ್ಬುಮಿನ್ 900 ಇದ್ದರೆ ಕಥೆಯೇ ಬೇರೆ. ಹಾಗಾಗಿ ಹಳೆಯ ರಿಪೋರ್ಟುಗಳನ್ನು ಎಸೆಯಬೇಡಿ. ದಿನಾಂಕದ ಪ್ರಕಾರ ಜೋಡಿಸಿ ಒಯ್ಯಿರಿ.

ಇನ್ನೊಂದು ಮಾತು. ಕ್ರಿಯಾಟಿನಿನ್ ಬರುವುದು ಮಾಂಸಖಂಡದಿಂದ. ತುಂಬಾ ಸೊರಗಿದ ಹಿರಿಯರಲ್ಲಿ ಮಾಂಸಖಂಡವೇ ಕಡಿಮೆ. ಆಗ ಕ್ರಿಯಾಟಿನಿನ್ ಕಡಿಮೆ ಬಂದು, ಕಿಡ್ನಿ ಇರುವುದಕ್ಕಿಂತ ಚೆನ್ನಾಗಿದೆ ಅಂತ ಕಾಣಿಸುತ್ತದೆ. ಅಂಥವರಿಗೆ ಸಿಸ್ಟಾಟಿನ್ ಸಿ ಎಂಬ ಪರೀಕ್ಷೆ ಸೇರಿಸಬಹುದಾ ಎಂದು ಕೇಳಿ.

ಶುಗರ್ ಎಷ್ಟಿರಬೇಕು: 7 ಅಥವಾ 8?

ಮೂರು ತಿಂಗಳ ಸರಾಸರಿ, ಅಂದರೆ ಎಚ್‌ಬಿಎ1ಸಿ, 7 ಇದ್ದರೆ ರಕ್ತದ ಸಕ್ಕರೆ ಸರಾಸರಿ 154ರ ಸುತ್ತ ಇದೆ ಎಂದರ್ಥ. 8 ಇದ್ದರೆ 183ರ ಸುತ್ತ. ಗಟ್ಟಿಮುಟ್ಟಾಗಿರುವ 70ರವರಿಗೆ 7 ಅಥವಾ 7.5ರ ಗುರಿ ಸರಿ. ಅವರ ಮುಂದೆ ಇನ್ನೂ ಸಾಕಷ್ಟು ವರ್ಷಗಳಿವೆ. ಬಿಗಿ ಹಿಡಿದದ್ದರ ಲಾಭ ಕಣ್ಣಿಗೆ, ನರಕ್ಕೆ, ಕಿಡ್ನಿಗೆ ಸಿಗಲು ವರ್ಷಗಳೇ ಬೇಕು, ಅವರಿಗೆ ಆ ಸಮಯ ಇದೆ.

ಕೈ ಹಿಡಿದು ನಡೆಸಬೇಕಾದ ಹಿರಿಯರಿಗೆ 8ರ ಆಸುಪಾಸು ಸಾಕು. ಇದನ್ನು ಕೇಳಿ ಮನೆಯವರಿಗೆ ಭಯವಾಗುತ್ತದೆ. ಭಯ ಬೇಡ. ಅವರ ದೊಡ್ಡ ಶತ್ರು ಲೋ ಶುಗರ್. ಒಂದೇ ಸಲ ಸಕ್ಕರೆ ಕುಸಿದು ಬಿದ್ದು ಸೊಂಟದ ಮೂಳೆ ಮುರಿದರೆ, ಎಷ್ಟೋ ವರ್ಷ ಶುಗರ್ ಕಾಪಾಡಿಕೊಂಡದ್ದೆಲ್ಲ ವ್ಯರ್ಥ. ವಯಸ್ಸಾದವರಲ್ಲಿ ಅದು ಬೆವರು, ನಡುಕ ಅಂತ ಬರಲೇಬೇಕಿಲ್ಲ. ಸುಮ್ನೆ ಮಂಕಾಗಿ ಕೂರುತ್ತಾರೆ, ತಡವರಿಸುತ್ತಾರೆ, ಕಾರಣವಿಲ್ಲದೆ ಸಿಡುಕುತ್ತಾರೆ. ಬಿಪಿಗೋ ಹೃದಯಕ್ಕೋ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಡುಕ, ಎದೆ ಬಡಿತ ಇನ್ನೂ ಮರೆಯಾಗುತ್ತದೆ. ಅನುಮಾನ ಬಂದರೆ ಗ್ಲೂಕೋಮೀಟರಿನಲ್ಲಿ ನೋಡಿ. 70ಕ್ಕಿಂತ ಕೆಳಗಿದ್ದರೆ 15 ಗ್ರಾಂ ಗ್ಲೂಕೋಸ್ ಕೊಟ್ಟು, ಕಾಲು ಗಂಟೆ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ.

ಇಲ್ಲೊಂದು ಮೋಸದ ಖುಷಿ ಇದೆ. "ಈಗೀಗ ಶುಗರ್ ತಾನಾಗಿಯೇ ಇಳಿದಿದೆ, ಮೊದಲಿನಷ್ಟು ಇನ್ಸುಲಿನ್ ಬೇಕಾಗುತ್ತಿಲ್ಲ" ಎಂದು ಮನೆಯವರು ಸಂತೋಷಪಡುತ್ತಾರೆ. ಇನ್ಸುಲಿನ್ ಅನ್ನು ದೇಹದಿಂದ ತೆಗೆಯುವ ಕೆಲಸದಲ್ಲಿ ಕಿಡ್ನಿಗೆ ದೊಡ್ಡ ಪಾಲಿದೆ. ಕಿಡ್ನಿ ಸೋತಾಗ ಇನ್ಸುಲಿನ್ ದೇಹದಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ. ಹಾಗಾಗಿ ಸಕ್ಕರೆ ಸುಲಭವಾಗಿ ಇಳಿಯತೊಡಗಿದರೆ ಕಿಡ್ನಿ ಪರೀಕ್ಷೆ ಮಾಡಿಸಿ, ಡೋಸ್ ಇಳಿಸಬೇಕಾ ಎಂದು ಕೇಳಿ. ರಕ್ತ ಕಡಿಮೆ ಇರುವವರಲ್ಲಿ, ರಕ್ತ ಹೆಚ್ಚಿಸುವ ಇಂಜೆಕ್ಷನ್ ಅಥವಾ ಡಯಾಲಿಸಿಸ್ ನಡೆಯುತ್ತಿರುವವರಲ್ಲಿ ಎಚ್‌ಬಿಎ1ಸಿ ನಂಬರನ್ನು ಪೂರ್ತಿ ನಂಬುವ ಹಾಗಿಲ್ಲ. ಅಂಥವರಿಗೆ ಬೆರಳು ಚುಚ್ಚಿ ನೋಡಿದ ದಿನದ ಲೆಕ್ಕವೇ ಹೆಚ್ಚು ಉಪಯೋಗ.

ಶುಗರ್ ಔಷಧಿಗಳು: ಕಿಡ್ನಿ ಸೋತಾಗ ಯಾವುದು ಉಳಿಯಬೇಕು?

ಮೆಟ್‌ಫಾರ್ಮಿನ್ ಹಳೆಯದು, ಅಗ್ಗದ್ದು, ಒಂಟಿಯಾಗಿ ಕೊಟ್ಟರೆ ಲೋ ಶುಗರ್ ಮಾಡುವುದು ಅಪರೂಪ. ಅದು ಕಿಡ್ನಿ ಹಾಳುಮಾಡುತ್ತದೆ ಎಂಬ ಮಾತು ತಪ್ಪು. ನಿಜ ಏನೆಂದರೆ, ಕಿಡ್ನಿ ಸೋತಾಗ ಅದು ಹೊರಗೆ ಹೋಗದೆ ದೇಹದಲ್ಲಿ ಉಳಿಯುತ್ತದೆ, ಆಮ್ಲ ಹೆಚ್ಚುವ ಅಪಾಯ ಬರುತ್ತದೆ. ಇಜಿಎಫ್‌ಆರ್ 45ರ ಕೆಳಗೆ ಇಳಿದರೆ ಡೋಸ್ ಸಾಮಾನ್ಯವಾಗಿ ಅರ್ಧಕ್ಕೆ ಇಳಿಸುತ್ತಾರೆ, 30ರ ಕೆಳಗೆ ನಿಲ್ಲಿಸುತ್ತಾರೆ. ಇಜಿಎಫ್‌ಆರ್ 38 ಇರುವ ನಮ್ಮ ಇಬ್ಬರಿಗೂ ಅರ್ಧ ಡೋಸ್ ನಡೆಯುತ್ತದೆ. ಆದರೆ ಊಟ ಸೇರದೆ ತೂಕ ಇಳಿಯುತ್ತಿರುವವರಿಗೆ ಇದು ಹಸಿವನ್ನು ಇನ್ನೂ ಕೊಲ್ಲಬಹುದು. ಬಹಳ ವರ್ಷ ತೆಗೆದುಕೊಂಡವರು ರಕ್ತದಲ್ಲಿ ಬಿ12 ವಿಟಮಿನ್ ಕಡಿಮೆಯಾಗಿದೆಯಾ ಎಂದು ನೋಡಿಸಿಕೊಳ್ಳಬೇಕು.

ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್, ಕೆನಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಗಳು ಇತ್ತೀಚಿನ ವರ್ಷಗಳಲ್ಲಿ ಈ ಕಾಯಿಲೆಯ ಚಿತ್ರವನ್ನೇ ಬದಲಿಸಿವೆ. 2019ರ ಕ್ರೆಡೆನ್ಸ್, 2020ರ ಡಪಾ-ಸಿಕೆಡಿ ಎಂಬ ದೊಡ್ಡ ಅಧ್ಯಯನಗಳಲ್ಲಿ, ಕಿಡ್ನಿ ತೀವ್ರವಾಗಿ ಕೆಡುವುದೂ ಕಿಡ್ನಿ ಅಥವಾ ಹೃದಯದ ಕಾಯಿಲೆಯಿಂದ ಸಾಯುವುದೂ ಸೇರಿದ ಒಟ್ಟು ಅಪಾಯ ಮೂರನೇ ಒಂದು ಭಾಗದ ಆಸುಪಾಸು ಇಳಿಯಿತು. ಹೃದಯ ವೈಫಲ್ಯ ಇರುವವರಿಗೂ ಲಾಭವಿದೆ. ಇಜಿಎಫ್‌ಆರ್ 20 ಇದ್ದರೂ ಶುರು ಮಾಡಬಹುದು. ಆ ಹಂತದಲ್ಲಿ ಸಕ್ಕರೆ ಅಷ್ಟೇನೂ ಇಳಿಯುವುದಿಲ್ಲ. ಆಗ ಅದನ್ನು ಕೊಡುವುದು ಕಿಡ್ನಿಗೆ, ಹೃದಯಕ್ಕೆ. ಶುರು ಮಾಡಿದ ಕೆಲವು ವಾರ ಇಜಿಎಫ್‌ಆರ್ ಸ್ವಲ್ಪ ಇಳಿಯುತ್ತದೆ. ಅದನ್ನು ನೋಡಿ ಗಾಬರಿಯಾಗಿ ಮಾತ್ರೆ ನಿಲ್ಲಿಸುವವರು ಇದ್ದಾರೆ. ಡಾಕ್ಟರನ್ನು ಕೇಳದೆ ಹಾಗೆ ಮಾಡಬೇಡಿ.

70ರವರಿಗೆ ನನ್ನ ಪ್ರಕಾರ ಇದೇ ಮೊದಲ ಆಯ್ಕೆ. 84ರವರಿಗೆ ಸ್ವಲ್ಪ ಯೋಚಿಸಬೇಕು. ಈ ಮಾತ್ರೆ ಮೂತ್ರದಲ್ಲಿ ಸಕ್ಕರೆ ಹೊರಹಾಕುತ್ತದೆ, ಜೊತೆಗೆ ನೀರೂ ಹೋಗುತ್ತದೆ. ಗುಪ್ತಾಂಗದಲ್ಲಿ ಫಂಗಸ್ ಸೋಂಕು ಬರಬಹುದು. ಮೊದಲೇ ಕಡಿಮೆ ಬಿಪಿ, ಮೂತ್ರ ಹೆಚ್ಚಿಸುವ ಮಾತ್ರೆ, ರಾತ್ರಿ ಎದ್ದು ಶೌಚಕ್ಕೆ ಹೋಗುವಾಗ ಬೀಳುವ ಭಯ ಎಲ್ಲ ಇದ್ದರೆ ಇನ್ನೂ ಎಚ್ಚರ ಬೇಕು. ಹಾಗೆಂದು ವಯಸ್ಸು ನೋಡಿಯೇ ಬೇಡ ಅನ್ನಬಾರದು. ಮೂತ್ರದ ಮಾತ್ರೆಯ ಡೋಸ್ ತಗ್ಗಿಸಿ ಇದನ್ನು ಸೇರಿಸಲು ಆಗುತ್ತದಾ ಎಂದು ಕೇಳಿ ನೋಡಿ.

ಲಿನಾಗ್ಲಿಪ್ಟಿನ್, ಸಿಟಾಗ್ಲಿಪ್ಟಿನ್ ಗುಂಪು ಸೌಮ್ಯ. ಕಿಡ್ನಿಗೆ ವಿಶೇಷ ರಕ್ಷಣೆ ಏನೂ ಇಲ್ಲ, ಆದರೆ ತೊಂದರೆಯೂ ಕಡಿಮೆ. ಲಿನಾಗ್ಲಿಪ್ಟಿನ್‌ಗೆ ಕಿಡ್ನಿ ನೋಡಿ ಡೋಸ್ ಬದಲಿಸಬೇಕಿಲ್ಲ, ಸಿಟಾಗ್ಲಿಪ್ಟಿನ್‌ಗೆ ಇಳಿಸಬೇಕು. ಸೊರಗಿದ ಹಿರಿಯರಿಗೆ ಇದು ನೆಮ್ಮದಿಯ ಆಯ್ಕೆ.

ಸೆಮಾಗ್ಲುಟೈಡ್ ಥರದ ವಾರಕ್ಕೊಂದು ಇಂಜೆಕ್ಷನ್ ಕೂಡ ಕಿಡ್ನಿ ಕಾಪಾಡುತ್ತದೆ. 2024ರ ಫ್ಲೋ ಅಧ್ಯಯನದಲ್ಲಿ ಕಿಡ್ನಿಗೆ ಸಂಬಂಧಿಸಿದ ದೊಡ್ಡ ತೊಂದರೆಗಳು 24 ಶೇಕಡಾ ಕಡಿಮೆಯಾದವು. ದಪ್ಪ ಇರುವ 70ರವರಿಗೆ ತುಂಬಾ ಚೆನ್ನ. ಆದರೆ ಇದು ಹಸಿವು ಮತ್ತು ತೂಕ ಎರಡನ್ನೂ ಇಳಿಸುತ್ತದೆ. ಎಲುಬು ಕಾಣುವಷ್ಟು ಸೊರಗಿದವರಿಗೆ ಇದನ್ನು ಕೊಡುವುದು ನನಗೆ ಒಪ್ಪಿಗೆಯಿಲ್ಲ. ಡಯಾಬಿಟಿಸ್‌ನಿಂದ ಕಣ್ಣಿನ ಪರದೆ ಕೆಟ್ಟಿದ್ದರೆ ಮೊದಲು ಕಣ್ಣಿನ ಡಾಕ್ಟರಿಗೆ ತೋರಿಸಬೇಕು.

ಗ್ಲಿಬೆನ್‌ಕ್ಲಮೈಡ್ ಮಾತ್ರೆ ಇನ್ನೂ ನಡೆಯುತ್ತಿದ್ದರೆ ಇವತ್ತೇ ಡಾಕ್ಟರ ಗಮನಕ್ಕೆ ತನ್ನಿ. ಕಿಡ್ನಿ ಸೋತ ವಯಸ್ಸಾದವರಲ್ಲಿ ಇದು ಗಂಟೆಗಟ್ಟಲೆ ಬಿಡದ ಲೋ ಶುಗರ್ ತರುತ್ತದೆ. ಅದೇ ಗುಂಪಿನ ಮಾತ್ರೆ ಬೇಕೇ ಬೇಕು ಅಂದರೆ ಗ್ಲಿಪಿಜೈಡ್ ಅಥವಾ ಗ್ಲಿಕ್ಲಜೈಡ್ ಎಷ್ಟೋ ವಾಸಿ.

ಇನ್ಸುಲಿನ್ ಬಗ್ಗೆ ಎರಡೇ ಮಾತು. ಅದು ಕಿಡ್ನಿಯನ್ನು ಕೆಡಿಸುವುದಿಲ್ಲ. ಆದರೆ ಕಣ್ಣು ಮಂಜಾದವರು ತಾವೇ ಡೋಸ್ ಎಳೆದುಕೊಳ್ಳುವ ಹಾಗಿರಬಾರದು. ದಿನಕ್ಕೆ ನಾಲ್ಕು ಸಲದ ಬದಲು ಒಂದು ಸಲದ ದೀರ್ಘ ಇನ್ಸುಲಿನ್‌ಗೆ ಸರಳಗೊಳಿಸಲು ಆಗುತ್ತದಾ ಎಂದು ಕೇಳುವುದು ಸೊರಗಿದ ಹಿರಿಯರಿಗೆ ದೊಡ್ಡ ಉಪಕಾರ.

ಮತ್ತೆ, ವಾಂತಿ, ಭೇದಿ, ಜ್ವರ ಬಂದು ನೀರೂ ಇಳಿಯದ ದಿನಗಳಲ್ಲಿ ಮೆಟ್‌ಫಾರ್ಮಿನ್, ಡಪಾಗ್ಲಿಫ್ಲೋಜಿನ್ ಗುಂಪು, ಮೂತ್ರದ ಮಾತ್ರೆ, ಕೆಲವು ಬಿಪಿ ಮಾತ್ರೆ ತಾತ್ಕಾಲಿಕವಾಗಿ ನಿಲ್ಲಿಸಬೇಕಾಗಬಹುದು. ಯಾವುದನ್ನು ನಿಲ್ಲಿಸಬೇಕು, ಯಾವಾಗ ಮತ್ತೆ ಶುರು ಮಾಡಬೇಕು ಎಂದು ಆರೋಗ್ಯ ಚೆನ್ನಾಗಿರುವಾಗಲೇ ಡಾಕ್ಟರ ಹತ್ತಿರ ಬರೆಸಿಕೊಂಡು ಇಟ್ಟುಕೊಳ್ಳಿ. ಆಪರೇಷನ್ ಇದ್ದರೂ ಡಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಯನ್ನು ಕೆಲವು ದಿನ ಮೊದಲೇ ನಿಲ್ಲಿಸುತ್ತಾರೆ. ಸಕ್ಕರೆ ಮಾಮೂಲಿ ಇದ್ದಂತೆ ಕಂಡರೂ ಒಳಗೆ ಕೀಟೋನ್ ಎಂಬ ಆಮ್ಲ ಏರುವ ಅಪಾಯ ಇದರಲ್ಲಿ ಇದೆ.

ಬಿಪಿ: ಇಳಿಸಬೇಕು, ಆದರೆ ಎಷ್ಟು?

ಮೂತ್ರದಲ್ಲಿ ಆಲ್ಬುಮಿನ್ ಸೋರುತ್ತಿದ್ದರೆ 'ಪ್ರಿಲ್' ಎಂದು ಮುಗಿಯುವ ಮಾತ್ರೆ ಅಥವಾ 'ಸಾರ್ಟನ್' ಎಂದು ಮುಗಿಯುವ ಮಾತ್ರೆ, ಎರಡರಲ್ಲಿ ಒಂದು ಇರಬೇಕು. ಎನಾಲಪ್ರಿಲ್, ರಾಮಿಪ್ರಿಲ್ ಮೊದಲ ಗುಂಪು. ಲೋಸಾರ್ಟನ್, ಟೆಲ್ಮಿಸಾರ್ಟನ್ ಎರಡನೆಯದು. ಕಿಡ್ನಿ ಕಾಪಾಡುವುದರಲ್ಲಿ ಎರಡೂ ಹತ್ತಿರ ಹತ್ತಿರ. ಪ್ರಿಲ್ ಗುಂಪಿನಲ್ಲಿ ಕೆಲವರಿಗೆ ಒಣ ಕೆಮ್ಮು ಬರುತ್ತದೆ, ಆಗ ಸಾರ್ಟನ್‌ಗೆ ಬದಲಿಸುತ್ತಾರೆ. ಎರಡನ್ನೂ ಒಟ್ಟಿಗೆ ಕೊಡಬಾರದು. ಪೊಟ್ಯಾಸಿಯಂ ಏರುವುದು, ಕಿಡ್ನಿ ದಿಢೀರ್ ಕೈಕೊಡುವುದು ಜಾಸ್ತಿಯಾಗುತ್ತದೆ ಎಂದು ದೊಡ್ಡ ಅಧ್ಯಯನಗಳಲ್ಲೇ ಕಂಡಿದೆ. ಬೇರೆ ಬೇರೆ ಡಾಕ್ಟರನ್ನು ನೋಡುವ ಹಿರಿಯರ ಚೀಟಿಯಲ್ಲಿ ಎರಡೂ ಸೇರಿಕೊಂಡಿವೆಯಾ ಎಂದು ಒಮ್ಮೆ ನೋಡಿ.

ಶುರು ಮಾಡಿದ ಎರಡರಿಂದ ನಾಲ್ಕು ವಾರದೊಳಗೆ ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಬೇಕು. ಕ್ರಿಯಾಟಿನಿನ್ 30 ಶೇಕಡಾ ಒಳಗೆ ಏರಿದರೆ ಸಾಮಾನ್ಯವಾಗಿ ಮಾತ್ರೆ ಮುಂದುವರಿಸುತ್ತಾರೆ. ಇದರ ಮೇಲೂ ಆಲ್ಬುಮಿನ್ ಸೋರುತ್ತಿದ್ದರೆ ಫಿನೆರೆನೋನ್ ಎಂಬ ಮಾತ್ರೆ ಸೇರಿಸುವುದುಂಟು. ಪೊಟ್ಯಾಸಿಯಂ 5 ದಾಟಿರುವವರಿಗೆ ಅದು ಸಲ್ಲದು.

ಗುರಿಯ ವಿಷಯಕ್ಕೆ ಬಂದರೆ, ಗಟ್ಟಿ ಇರುವವರಿಗೆ ಮೇಲಿನ ಬಿಪಿ 130ರ ಒಳಗೆ. ಇನ್ನೂ ಕೆಳಗೆ, 120ಕ್ಕೆ ಇಳಿಸಬೇಕು ಎನ್ನುವ ಮಾರ್ಗಸೂಚಿಯೂ ಇದೆ. ಬೀಳುವ ಭಯ ಇರುವವರಿಗೆ ಅದು ಬೇಡ ಅನ್ನುತ್ತೇನೆ. ಕೂತಾಗ ನೋಡಿದ ಬಿಪಿ ಅರ್ಧ ಸತ್ಯ. ಎದ್ದು ನಿಂತು ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ಮತ್ತೆ ನೋಡಿ. 20ಕ್ಕಿಂತ ಜಾಸ್ತಿ ಕುಸಿದರೆ ಡಾಕ್ಟರಿಗೆ ಹೇಳಿ. ಡಯಾಬಿಟಿಸ್‌ನಿಂದ ನರ ಸೋತವರಲ್ಲಿ ಇದು ಸಾಮಾನ್ಯ.

ನೋವಿನ ಮಾತ್ರೆ

ಮೊಣಕಾಲು ನೋವಿಗೆ ಡೈಕ್ಲೋಫಿನಾಕ್, ಐಬುಪ್ರೊಫೆನ್ ಬೇಡ. ಪ್ರಿಲ್ ಅಥವಾ ಸಾರ್ಟನ್ ಜೊತೆ, ಮೂತ್ರದ ಮಾತ್ರೆ ಜೊತೆ ಇದು ಸೇರಿದರೆ ಕಿಡ್ನಿ ದಿಢೀರ್ ಕುಸಿಯಬಹುದು. ಡೋಸ್ ಮೀರದ ಪ್ಯಾರಸಿಟಮಾಲ್ ಮೇಲು. ಕಾಲುರಿಗೆ ಕೊಡುವ ಗಾಬಾಪೆಂಟಿನ್, ಪ್ರಿಗಾಬಾಲಿನ್ ಕಿಡ್ನಿಯಿಂದಲೇ ಹೊರಹೋಗುವ ಮಾತ್ರೆಗಳು. ಡೋಸ್ ಇಳಿಸದಿದ್ದರೆ ಹಿರಿಯರು ತೂಕಡಿಸುತ್ತಾರೆ, ಗೊಂದಲಗೊಳ್ಳುತ್ತಾರೆ, ಮನೆಯವರು ಅದನ್ನು ಮರೆವಿನ ಕಾಯಿಲೆ ಅಂದುಕೊಳ್ಳುತ್ತಾರೆ.

ಊಟ: ಕಡಿತವೋ, ಪೋಷಣೆಯೋ?

ಶುಗರ್‌ಗೆ ಸಿಹಿ ಬಿಡಿಸುತ್ತಾರೆ, ಬಿಪಿಗೆ ಉಪ್ಪು, ಪೊಟ್ಯಾಸಿಯಂಗೆ ಹಣ್ಣು, ಕಿಡ್ನಿಗೆ ಪ್ರೋಟೀನ್. ಕೊನೆಗೆ ತಟ್ಟೆಯಲ್ಲಿ ಏನು ಉಳಿಯಿತು? ಹೀಗೆ ಹಸಿವಿನಿಂದ ಸೊರಗುವ ಹಿರಿಯರನ್ನು ನೋಡಿದರೆ ಸಂಕಟವಾಗುತ್ತದೆ.

ಉಪ್ಪು ಇಳಿಸುವುದು ಎಲ್ಲರಿಗೂ ಒಳ್ಳೆಯದು, ದಿನಕ್ಕೆ 5 ಗ್ರಾಂ ಒಳಗೆ. ಆದರೆ 'ಕಡಿಮೆ ಸೋಡಿಯಂ' ಎಂದು ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ, ಇವರಿಗೆ ಅದು ಅಪಾಯ. ಹಣ್ಣು, ಟೊಮೆಟೊ, ಆಲೂಗಡ್ಡೆಯನ್ನು ರಕ್ತದ ಪೊಟ್ಯಾಸಿಯಂ ನಿಜವಾಗಿ ಏರಿದ್ದರೆ ಮಾತ್ರ ಕಡಿಮೆ ಮಾಡಿ. ಪ್ರೋಟೀನ್ ಬಗ್ಗೆ ಇಬ್ಬರಿಗೂ ಬೇರೆ ಬೇರೆ ಉತ್ತರ. 70ರವರಿಗೆ ಕೆಜಿ ತೂಕಕ್ಕೆ 0.8 ಗ್ರಾಂ, ಅಂದರೆ 60 ಕೆಜಿ ಇದ್ದರೆ ದಿನಕ್ಕೆ 48 ಗ್ರಾಂ. ಮಾಂಸಖಂಡ ಕರಗಿದ 84ರವರಿಗೆ ಕಡಿತವೇ ಬೇಡ, ಸ್ವಲ್ಪ ಜಾಸ್ತಿಯೇ ಕೊಡುವುದು ವಾಸಿ. ಡಯಾಲಿಸಿಸ್ ಶುರುವಾದ ಮೇಲೆ ಎಲ್ಲರಿಗೂ ಪ್ರೋಟೀನ್ ಏರಿಸಬೇಕು, ಕೆಜಿಗೆ 1ರಿಂದ 1.2 ಗ್ರಾಂ. ಈ ತಿರುವು ಗೊತ್ತಿಲ್ಲದೆ ಹಳೆಯ ಪಥ್ಯವನ್ನೇ ಮುಂದುವರಿಸುವ ಮನೆಗಳಿವೆ.

ಕಿಡ್ನಿ ಪೂರ್ತಿ ಸೋತರೆ

ಇಲ್ಲಿ ನಿಧಾನವಾಗಿ ಓದಿ. ತುರ್ತಿನಲ್ಲಿ, ಆಸ್ಪತ್ರೆಯ ಹಾಸಿಗೆ ಪಕ್ಕ ನಿಂತು ಮಾಡಿದ ತೀರ್ಮಾನ ಬಹುತೇಕ ಹಿರಿಯರದ್ದಾಗಿರುವುದಿಲ್ಲ, ಗಾಬರಿಯಾದ ಮನೆಯವರದ್ದಾಗಿರುತ್ತದೆ. ಹಾಗಾಗಿ ಇಜಿಎಫ್‌ಆರ್ 20ರ ಹತ್ತಿರ ಬರುವಾಗಲೇ ಮಾತು ಶುರುವಾಗಬೇಕು.

ದಾರಿ ನಾಲ್ಕಿವೆ. ಕಿಡ್ನಿ ಕಸಿ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ವಯಸ್ಸೊಂದೇ ಅಡ್ಡಿಯಲ್ಲ. ಹೃದಯ ಗಟ್ಟಿಯಿರುವ 70ರವರು ಕೇಳಿ ನೋಡಬಹುದು. 84ರ ಸೊರಗಿದವರಿಗೆ ಅದು ದಾರಿಯಲ್ಲ.

ಹೀಮೋಡಯಾಲಿಸಿಸ್ ಎಂದರೆ ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಒಂದು ಸಲಕ್ಕೆ ನಾಲ್ಕು ಗಂಟೆ, ಯಂತ್ರದಲ್ಲಿ ರಕ್ತ ಸೋಸುವುದು. ಕೆಲಸ ಸಿಬ್ಬಂದಿಯದು, ಮನೆಯವರ ಮೇಲೆ ಹೊರೆ ಕಡಿಮೆ. ಆದರೆ ಓಡಾಟ ಇದೆ, ನಡುವೆ ಬಿಪಿ ಕುಸಿಯುತ್ತದೆ, ಮನೆಗೆ ಬಂದ ಮೇಲೆ ಆ ದಿನವೆಲ್ಲ ಸುಸ್ತು. ರಕ್ತ ತೆಗೆದು ಹಾಕಲು ಕೈಯಲ್ಲಿ ಎರಡು ರಕ್ತನಾಳ ಜೋಡಿಸಿ ಫಿಸ್ಟುಲಾ ಮಾಡಿಸಬೇಕು, ಅದು ಬಲಿಯಲು ವಾರಗಳಿಂದ ತಿಂಗಳುಗಳು ಬೇಕು. ಅದಿಲ್ಲದಿದ್ದರೆ ಕುತ್ತಿಗೆಗೆ ಕ್ಯಾತಿಟರ್ ಎಂಬ ಕೊಳವೆ ಹಾಕುತ್ತಾರೆ, ಅದರಲ್ಲಿ ಸೋಂಕಿನ ಅಪಾಯ ಜಾಸ್ತಿ. ಹಾಗಾಗಿ ಈ ದಾರಿ ಬೇಕೆಂದರೆ ಮೊದಲೇ ಹೇಳಿ, ಫಿಸ್ಟುಲಾಗೆ ಮೀಸಲಿಟ್ಟ ಕೈಯಲ್ಲಿ ರಕ್ತ ತೆಗೆಸಬೇಡಿ.

ಹೊಟ್ಟೆಯ ಡಯಾಲಿಸಿಸ್ ಮನೆಯಲ್ಲೇ ಆಗುತ್ತದೆ. ಹೊಟ್ಟೆಯಲ್ಲಿಟ್ಟ ಕೊಳವೆಯಿಂದ ದ್ರವ ಹಾಕಿ ತೆಗೆಯುವುದು, ಸಾಮಾನ್ಯವಾಗಿ ದಿನಕ್ಕೆ ನಾಲ್ಕು ಸಲ. ರಾತ್ರಿ ಯಂತ್ರವೇ ಮಾಡುವ ಬಗೆಯೂ ಇದೆ. ಸೋಸುವುದು ನಿಧಾನ, ಹೃದಯ ದುರ್ಬಲ ಇರುವವರಿಗೆ ಬಿಪಿಯ ಏರಿಳಿತ ಕಡಿಮೆ. ಆದರೆ ಕೈ ನಡುಗುವ, ಕಣ್ಣು ಮಂಜಾದ ಹಿರಿಯರಿಗೆ ಇನ್ನೊಬ್ಬರು ಪ್ರತಿದಿನ ಬೇಕು. ಶುಚಿ ತಪ್ಪಿದರೆ ಹೊಟ್ಟೆಯೊಳಗೆ ಸೋಂಕಾಗುತ್ತದೆ. ಆ ದ್ರವದಲ್ಲಿ ಹೆಚ್ಚಾಗಿ ಗ್ಲೂಕೋಸ್ ಇರುವುದರಿಂದ ಶುಗರ್ ಏರುತ್ತದೆ. ಐಕೋಡೆಕ್ಸ್‌ಟ್ರಿನ್ ಎಂಬ ದ್ರವ ಬಳಸುವವರಲ್ಲಿ ಕೆಲವು ಗ್ಲೂಕೋಮೀಟರುಗಳು ಸಕ್ಕರೆಯನ್ನು ಇರುವುದಕ್ಕಿಂತ ಜಾಸ್ತಿ ತೋರಿಸುತ್ತವೆ. ಅದನ್ನು ನಂಬಿ ಇನ್ಸುಲಿನ್ ಕೊಟ್ಟರೆ ಪ್ರಾಣಕ್ಕೇ ಅಪಾಯ. ಯಾವ ಮೀಟರ್ ಸರಿ ಎಂದು ಕೇಳಿಯೇ ಬಳಸಿ.

ನಾಲ್ಕನೆಯದು ಡಯಾಲಿಸಿಸ್ ಇಲ್ಲದ ಆರೈಕೆ. ಇದನ್ನು ಕೈಬಿಡುವುದು ಎಂದು ತಿಳಿಯಬೇಡಿ. ಔಷಧಿ ನಡೆಯುತ್ತದೆ, ರಕ್ತ ಕಡಿಮೆಯಾದರೆ ಇಂಜೆಕ್ಷನ್, ಊತಕ್ಕೆ ಮೂತ್ರದ ಮಾತ್ರೆ, ತುರಿಕೆ, ವಾಂತಿ, ಏದುಸಿರು, ನೋವು ಎಲ್ಲಕ್ಕೂ ಚಿಕಿತ್ಸೆ ಇದೆ. 75 ದಾಟಿದ, ಹೃದಯದ ಕಾಯಿಲೆಯೂ ಸೇರಿದಂತೆ ಹಲವು ತೊಂದರೆ ಇರುವವರಲ್ಲಿ ಡಯಾಲಿಸಿಸ್‌ನಿಂದ ಆಯುಷ್ಯ ಹೆಚ್ಚುವ ಲಾಭ ತೀರಾ ಕಿರಿದಾಗುತ್ತದೆ. 2009ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ಆರೈಕೆ ಕೇಂದ್ರಗಳಲ್ಲಿದ್ದು ಡಯಾಲಿಸಿಸ್ ಶುರು ಮಾಡಿದ 3,702 ಮಂದಿಯನ್ನು ನೋಡಿತು. ವರ್ಷದೊಳಗೆ 58 ಶೇಕಡಾ ಮಂದಿ ತೀರಿಕೊಂಡಿದ್ದರು. ಮೊದಲಿನಷ್ಟೇ ಓಡಾಡಿಕೊಂಡು ಉಳಿದವರು 13 ಶೇಕಡಾ ಮಾತ್ರ. ಅವರು ಮೊದಲೇ ತುಂಬಾ ಸೊರಗಿದವರು, ಈ ಲೆಕ್ಕ ಗಟ್ಟಿಮುಟ್ಟಾದ 70ರವರಿಗೆ ಹೊಂದುವುದಿಲ್ಲ. ಆದರೆ 84ರವರ ಮನೆಯಲ್ಲಿ ಈ ಸಂಖ್ಯೆ ಯಾರಾದರೂ ಹೇಳಲೇಬೇಕು.

ನಂಬರ್ ಇಳಿಯಿತು ಎಂದ ಮಾತ್ರಕ್ಕೆ ಡಯಾಲಿಸಿಸ್‌ಗೆ ಓಡಬೇಕಿಲ್ಲ. 2010ರ ಐಡಿಯಲ್ ಅಧ್ಯಯನದಲ್ಲಿ ಬೇಗ ಶುರು ಮಾಡಿದವರಿಗೂ ತಡವಾಗಿ ಶುರು ಮಾಡಿದವರಿಗೂ ಆಯುಷ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಉಸಿರು ಕಟ್ಟುವುದು, ವಾಂತಿ ನಿಲ್ಲದಿರುವುದು, ಪೊಟ್ಯಾಸಿಯಂ ಹಿಡಿತಕ್ಕೆ ಬಾರದಿರುವುದು, ಇಂಥದ್ದನ್ನು ನೋಡಿ ಶುರು ಮಾಡುತ್ತಾರೆ.

ಎಷ್ಟು ಮಾತಾಡಿದರೂ ಮನಸ್ಸು ಗಟ್ಟಿಯಾಗದಿದ್ದರೆ ಇನ್ನೊಂದು ಉಪಾಯವಿದೆ. ಗಡುವು ಇಟ್ಟುಕೊಂಡು ಡಯಾಲಿಸಿಸ್ ಮಾಡಿ ನೋಡುವುದು. "ಮೂರು ತಿಂಗಳು ನೋಡೋಣ" ಎಂದು ಕಿಡ್ನಿ ತಜ್ಞರ ಜೊತೆ ಒಪ್ಪಿಕೊಳ್ಳಿ. ಶುರು ಮಾಡುವ ಮೊದಲೇ ಹಿರಿಯರನ್ನೇ ಕೇಳಿ: ಏನು ಸುಧಾರಿಸಿದರೆ ಮುಂದುವರಿಸಬೇಕು, ಏನಾದರೆ ಸಾಕು ಅನ್ನುತ್ತೀರಿ? ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು, ಒಂದು ಪ್ರತಿ ಫೈಲಿನಲ್ಲಿ, ಒಂದು ಪ್ರತಿ ಡಾಕ್ಟರ ಹತ್ತಿರ ಇಡಿ.